ನೆಲದಡಿಯ ನೃತ್ಯಶಾಲೆ

ಆಫ್ರಿಕ ಖಂಡದ ವಾಯವ್ಯ ತೀರದಿಂದ ಸುಮಾರು 125 ಕಿಲೋಮೀಟರು ದೂರದಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ, ಲಾನ್ಸರೋಟೆ ಎಂಬ ದ್ವೀಪವಿದೆ. ಇದು ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳಲ್ಲಿ ಒಂದು. ಮಳೆ ಕಡಿಮೆ, ಬಿಸಿಲು ಹೆಚ್ಚು. ತಮ್ಮ ನಾಡಿನ ಚಳಿಯನ್ನು ತಾಳಲಾರದ ಯೂರೋಪಿನ ಜನರು ವರ್ಷವಿಡೀ ಇಲ್ಲಿಗೆ ಬರುತ್ತಾರೆ. ಹಗಲು ಕಡಲ ಸ್ನಾನ, ರಾತ್ರಿ ಹಾಡು ಕುಣಿತ. ಅವರ ದಿನಚರಿ ಬಹುಮಟ್ಟಿಗೆ ಇಷ್ಟೆ. ಈ ದ್ವೀಪದ ಉತ್ತರ ಭಾಗದಲ್ಲಿ ನೆಲದ ಮೇಲಲ್ಲದೆ ನೆಲದ ಒಳಗೇ ಒಂದು ನೃತ್ಯಶಾಲೆ 1966ರಲ್ಲಿ ತೆರೆಯಿತು. ಅದರ ಹೆಸರು ಹಮೇಯೋಸ್ ದೆಲ್ ಆಗ್ವಾ. ಇದೇ ದ್ವೀಪದಲ್ಲಿ 1919ರಲ್ಲಿ ಹುಟ್ಟಿದ ಸೆಸರ್ ಮಾನ್ರಿಕೆ ಎಂಬ ಚಿತ್ರಕಾರ ಅದನ್ನು ರೂಪಿಸಿದವನು.

ಮನಸ್ಸಿನಲ್ಲಿಯೇ ಒಮ್ಮೆ ಅಲ್ಲಿಗೆ ಹೋಗಿಬರೋಣ. ಕಪ್ಪು ಕಲ್ಲಿನ ಬಯಲಿನಲ್ಲಿ ಒಂದು ದೊಡ್ಡ ಕುಳಿ, ಅದರೊಳಕ್ಕೆ ಮೆಟ್ಟಿಲುಗಳು. ಇಳಿದಂತೆ ಬಿಸಿಲು ಹಿಂದೆ ಸರಿದು ತಂಪು ಎದುರುಗೊಳ್ಳುತ್ತದೆ. ಅಲ್ಲಿ ಊಟಕ್ಕೂ ಪಾನೀಯಕ್ಕೂ ಮೇಜು ಕುರ್ಚಿಗಳಿವೆ. ಮುಂದೆ ಗುಹೆಯ ಒಡಲಲ್ಲಿ ನಿಶ್ಚಲವಾದ ಒಂದು ಕೊಳ. ಅದರ ಅಂಚಿನಲ್ಲಿ ಕಾಲುದಾರಿ. ಕೊಳದ ಕಪ್ಪು ತಳದಲ್ಲಿ ಯಾರೋ ಅಕ್ಕಿಯ ಕಾಳು ಚೆಲ್ಲಿದಂತೆ ಬಿಳಿಯ ಚುಕ್ಕೆಗಳು. ಇವೇನೆಂಬುದನ್ನು ಆಮೇಲೆ ನೋಡೋಣ. ಕೊಳವನ್ನು ದಾಟಿದರೆ ಇನ್ನೊಂದು ಕುಳಿ; ಮೇಲೆ ಆಕಾಶ, ಕೆಳಗೆ ತೋಟ. ಅದರಾಚೆ ಗುಹೆ ಮತ್ತೆ ಮುಂದುವರಿಯುತ್ತದೆ. ಆ ಭಾಗದಲ್ಲಿ ಸುಮಾರು ಆರುನೂರು ಜನ ಕುಳಿತು ಕೇಳಬಹುದಾದ ಸಂಗೀತ ಸಭಾಂಗಣವನ್ನು ಮುಂದೆ ನಿರ್ಮಿಸಲಾಯಿತು.

ಇಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗೆ ಒಂದು ಸಂಶಯ ಬರಬೇಕು. ಬಂಡೆಯ ಗುಹೆಯಲ್ಲಿ ವಾದ್ಯ ನುಡಿಸಿದರೆ ಸ್ವರದ ಮೇಲೆ ಸ್ವರ ಬಿದ್ದು ಗೊಂದಲವಾಗಬೇಡವೆ? ವಿಜಾಪುರದ ಗೋಲಗುಮ್ಮಟವನ್ನು ಹತ್ತಿದವರಿಗೆ ಇದು ಅನುಭವದ ಮಾತು. ಅಲ್ಲಿ ತಟ್ಟಿದ ಒಂದು ಚಪ್ಪಾಳೆ ಹಲವು ಸಲ ಮರುನುಡಿಯುತ್ತದೆ. ಅಲ್ಲಿ ಕುಳಿತು ಸಂಗೀತ ಕೇಳುವುದು ಕಷ್ಟ. ಹೀಗಿರಲು ಲಾನ್ಸರೋಟೆಯ ಗುಹೆ ಸಂಗೀತಕ್ಕೆ ಒದಗಿದುದು ಹೇಗೆ?

ಗುಹೆ ಹುಟ್ಟಿದ ಬಗೆ

ಕಾಯಿಸಿದ ಹಾಲನ್ನು ಆರಲು ಇಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ಕೆನೆಯ ಕೆಳಗೆ ಹಾಲು ಬಿಸಿಯಾಗಿಯೇ ಇರುತ್ತದೆ. ಸುಮಾರು 21,000 ವರ್ಷಗಳ ಹಿಂದೆ ಈ ದ್ವೀಪದ ಕೊರೋನಾ ಎಂಬ ಅಗ್ನಿಪರ್ವತ ಕಾರಿದ ಶಿಲಾರಸಕ್ಕೂ ಇಂಥದೇ ಗತಿಯಾಯಿತು. ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ರಸ ಇಳಿಜಾರಿನಲ್ಲಿ ಹರಿಯುವಾಗ ಗಾಳಿ ಸೋಕಿದ ಮೇಲುಭಾಗ ಮೊದಲು ಹೆಪ್ಪುಗಟ್ಟಿತು. ಕಲ್ಲು ಉಷ್ಣವಾಹಕವಾಗಿ ಬಹಳ ದುರ್ಬಲ. ಆದುದರಿಂದ ಈ ಕಲ್ಲಿನ ಕೆನೆಯೇ ಒಳಗಿನ ರಸಕ್ಕೆ ಕಂಬಳಿಯಾಯಿತು. ರಸ ಆರದೆ ಕಡಲಿನತ್ತ ಹರಿಯುತ್ತಲೇ ಇತ್ತು. ಪರ್ವತ ತಣ್ಣಗಾದಾಗ ಹಿಂದಿನಿಂದ ರಸ ಬರುವುದು ನಿಂತಿತು, ಒಳಗಿದ್ದುದು ಹರಿದುಹೋಯಿತು, ಟೊಳ್ಳಾದ ಕೊಳವೆ ಉಳಿಯಿತು. ಅದರ ಉದ್ದ ಏಳು ಕಿಲೋಮೀಟರಿಗೂ ಹೆಚ್ಚು. ಕೊನೆಯ ಸುಮಾರು ಒಂದೂವರೆ ಕಿಲೋಮೀಟರು ಇಂದು ಸಮುದ್ರದ ಕೆಳಗಿದೆ. ಕೊಳವೆ ಆದ ಕಾಲ ಹಿಮಯುಗ. ಆಗ ಕಡಲಿನ ಮಟ್ಟ ಇಂದಿಗಿಂತ ನೂರು ಮೀಟರಿಗೂ ಕೆಳಗಿತ್ತು. ಹಿಮ ಕರಗಿ ಕಡಲು ಏರಿದಂತೆ ಉಪ್ಪುನೀರು ಒಳಹೊಕ್ಕಿತು. ಗುಹೆಯ ಕೊಳದ ನೀರು ಇಂದಿಗೂ ಉಬ್ಬರ ಇಳಿತಗಳೊಡನೆ ಏರಿ ಇಳಿಯುತ್ತದೆ.

ಕೊಳವೆಯ ಚಾವಣಿ ಅಲ್ಲಲ್ಲಿ ಕುಸಿದು ಕುಳಿಗಳಾದುವು. ಇಂಥ ಕುಳಿಗೆ ದ್ವೀಪದ ಮೂಲನಿವಾಸಿಗಳ ನುಡಿಯಲ್ಲಿ ‘ಹಮೇಯೋ’ ಎಂದು ಹೆಸರು. ನಮ್ಮ ಸಂಶಯಕ್ಕೆ ಅರ್ಧ ಉತ್ತರ ಈ ಕುಳಿಗಳಲ್ಲಿಯೇ ಇದೆ.

ತೆರೆದ ಕಿಟಕಿಯ ಲೆಕ್ಕ

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಒಂದು ಮುಜುಗರ ಒದಗಿತ್ತು. ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರದಲ್ಲಿ ಉಪನ್ಯಾಸಕರು ಆಡಿದ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಶಬ್ದ ಐದೂವರೆ ಸೆಕೆಂಡು ಅಲ್ಲಿಯೇ ಅನುರಣಿಸುತ್ತಿತ್ತು. ಅಷ್ಟರಲ್ಲಿ ಹತ್ತು ಹದಿನೈದು ಮಾತುಗಳು ಒಂದರ ಮೇಲೊಂದು ಬೀಳುತ್ತಿದ್ದುವು. ಇದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸೇಬೈನ್ ಎಂಬ ಇಪ್ಪತ್ತೇಳರ ಹರೆಯದ ಭೌತವಿಜ್ಞಾನದ ಅಧ್ಯಾಪಕನ ಪಾಲಿಗೆ ಬಂದಿತು. ಆತನ ಉಪಕರಣಗಳು ಒಂದು ಆರ್ಗನ್ ಕೊಳವೆ, ಕಾಲ ಅಳೆಯುವ ಒಂದು ಯಂತ್ರ, ಮತ್ತು ತನ್ನ ಎರಡು ಕಿವಿಗಳು. ಊರು ಮಲಗಿದ ಮೇಲೆ ಪಕ್ಕದ ನಾಟಕಶಾಲೆಯಿಂದ ಮೆತ್ತೆಗಳನ್ನು ಹೊರಿಸಿ ತಂದು ಮಂದಿರದಲ್ಲಿ ಹರಡುವನು. ಕೊಳವೆಯನ್ನು ನುಡಿಸಿ, ಶಬ್ದ ಅಡಗಲು ಹಿಡಿದ ಕಾಲವನ್ನು ಗುರುತಿಸುವನು. ಬೆಳಗಾಗುವ ಮೊದಲು ಮೆತ್ತೆಗಳನ್ನು ಮರಳಿ ಸಾಗಿಸುವನು.

ಶಬ್ದವನ್ನು ಹೀರುವ ಶಕ್ತಿಯನ್ನು ಅಳೆಯಲು ಆತ ಆರಿಸಿದ ಮಾನ ಬಹಳ ಸೊಗಸಾದುದು: ತೆರೆದ ಕಿಟಕಿ. ಕಿಟಕಿಯಿಂದ ಹೊರಗೆ ಹೋದ ಶಬ್ದ ಮರಳಿ ಬರುವುದಿಲ್ಲ. ಆದುದರಿಂದ ಒಂದು ಚದರ ಮೀಟರು ತೆರೆದ ಕಿಟಕಿ ಎಂದರೆ ಒಂದು ಪೂರ್ಣಮಾನದ ಹೀರಿಕೆ. ಗಾರೆಯ ಗೋಡೆಯಾದರೆ ಅದೇ ವಿಸ್ತೀರ್ಣದಲ್ಲಿ ನೂರರಲ್ಲಿ ಎರಡು ಮೂರು ಪಾಲನ್ನು ಮಾತ್ರ ಹೀರುತ್ತದೆ. ಶಬ್ದದ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಬೇಕಾದ ಕಾಲವೇ ಅನುರಣನ ಕಾಲ. ಮಂದಿರದ ಗಾತ್ರವನ್ನು ಘನ ಮೀಟರುಗಳಲ್ಲಿ ಹಿಡಿದು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಇದು ಸೆಕೆಂಡುಗಳಲ್ಲಿ ದೊರೆಯುತ್ತದೆ. ಇದೇ ಸೇಬೈನನ ಸೂತ್ರ.

ಒಂದು ಸ್ಥೂಲವಾದ ಲೆಕ್ಕ ಮಾಡೋಣ. 50 ಮೀಟರು ಉದ್ದ, 15 ಮೀಟರು ಅಗಲ, 10 ಮೀಟರು ಎತ್ತರದ ಒಂದು ಗುಹೆಯನ್ನು ಊಹಿಸಿಕೊಳ್ಳಿ. ಗಾತ್ರ 7,500 ಘನ ಮೀಟರು. ಗೋಡೆ, ನೆಲ, ಚಾವಣಿಗಳ ವಿಸ್ತೀರ್ಣ 2,800 ಚದರ ಮೀಟರು. ಎಲ್ಲವೂ ನುಣುಪಾದ ಗಾರೆಯಾಗಿದ್ದು ನೂರಕ್ಕೆ ಮೂರು ಪಾಲು ಹೀರುವುದಾದರೆ ಒಟ್ಟು ಹೀರಿಕೆ 84. ಅನುರಣನ ಕಾಲ 14 ಸೆಕೆಂಡು. ಇಲ್ಲಿ ಸಂಗೀತ ಅಸಾಧ್ಯ. ಆದರೆ ಶಿಲಾರಸ ಆರಿ ಆದ ಕಲ್ಲು ನುಣುಪಲ್ಲ. ಅದರಿಂದ ಅನಿಲ ಗುಳ್ಳೆಗಳು ಹೊರಟುಹೋಗಿ ಮೈಯೆಲ್ಲ ತೂತು ತೂತಾಗಿರುತ್ತದೆ. ಆ ಸಣ್ಣ ರಂಧ್ರಗಳಲ್ಲಿ ಗಾಳಿ ಹಿಂದೆ ಮುಂದೆ ಆಡುವಾಗ ತಿಕ್ಕಾಟದಿಂದ ಶಬ್ದದ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ನೂರಕ್ಕೆ ಹದಿನೈದು ಪಾಲು ಹೀರಿತೆಂದು ಇಟ್ಟುಕೊಂಡರೆ ಕಾಲ 2.9 ಸೆಕೆಂಡಿಗೆ ಇಳಿಯುತ್ತದೆ. ಈಗ ಗುಹೆಯ ಒಂದು ಕೊನೆಯನ್ನು ಕುಳಿಯ ಕಡೆಗೆ ತೆರೆಯಿರಿ. 150 ಚದರ ಮೀಟರಿನ ತೆರೆದ ಕಿಟಕಿ ದೊರೆತು ಕಾಲ 2.2 ಸೆಕೆಂಡಾಗುತ್ತದೆ. ಒಳಗೆ ಐನೂರು ಜನ ಕುಳಿತು, ತಲಾ ಅರ್ಧ ಚದರ ಮೀಟರಿನ ಕಿಟಕಿಯಷ್ಟು ಶಬ್ದವನ್ನು ತಮ್ಮ ಬಟ್ಟೆಬರೆಗಳಲ್ಲಿ ಹೀರಿಕೊಂಡರೆ ಕಾಲ ಒಂದೂವರೆ ಸೆಕೆಂಡು. ವಾದ್ಯಗೋಷ್ಠಿಯ ದೊಡ್ಡ ಮಂದಿರಗಳಲ್ಲಿ ಈ ಕಾಲ ಎರಡು ಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. ಸಂಖ್ಯೆಗಳನ್ನು ನಾವು ಊಹಿಸಿದ್ದೇವೆ, ನಿಜ. ಆದರೆ ದಿಕ್ಕು ಸ್ಪಷ್ಟವಾಗಿದೆ.

ಇನ್ನೊಂದು ಗುಣವೂ ಉಂಟು. ಗೋಲಗುಮ್ಮಟದ ನುಣುಪಾದ ನಿಮ್ನ ಮೈ ಬೆಳಕಿಗೆ ನಿಮ್ನದರ್ಪಣದಂತೆ ಶಬ್ದವನ್ನು ಒಂದೆಡೆಗೆ ಕೂಡಿಸುತ್ತದೆ. ಉಬ್ಬುತಗ್ಗುಗಳ ಮೈ ಅದನ್ನು ಚೆದರಿಸುತ್ತದೆ. ಸೆಕೆಂಡಿಗೆ 1,000 ಕಂಪನಗಳ ಶಬ್ದದ ತರಂಗದೂರ ಗಾಳಿಯಲ್ಲಿ ಸುಮಾರು 34 ಸೆಂಟಿಮೀಟರು. 100 ಕಂಪನಗಳದು 3.4 ಮೀಟರು. ಗುಹೆಯ ಗೋಡೆಯಲ್ಲಿ ಗೇಣುದ್ದದ ಉಬ್ಬುಗಳೂ ಇವೆ, ಆಳೆತ್ತರದ ತಗ್ಗುಗಳೂ ಇವೆ. ಹೀಗೆ ಏರುದನಿಯೂ ತಗ್ಗುದನಿಯೂ ಚೆದರಿ, ಕೇಳುವವನಿಗೆ ಎಲ್ಲ ಕಡೆಗಳಿಂದಲೂ ಸಮನಾಗಿ ಬಂದು ಸೇರುತ್ತವೆ. ಒಟ್ಟಿನಲ್ಲಿ ಒಳ್ಳೆಯ ಸಭಾಂಗಣವೆಂದರೆ ಶಬ್ದವನ್ನೆಲ್ಲ ಹಿಡಿದಿಡುವುದಲ್ಲ. ಎಷ್ಟನ್ನು ಹೋಗಗೊಡಬೇಕೋ ಅಷ್ಟನ್ನು ಹೋಗಗೊಡುವುದು.

ಕೊಳದ ಕುರುಡು ನಿವಾಸಿಗಳು

ಈಗ ಆ ಬಿಳಿಯ ಚುಕ್ಕೆಗಳ ಬಳಿಗೆ ಬರೋಣ. ಅವು ಜೀವಿಗಳು, ಏಡಿಗೆ ಹತ್ತಿರದ ಬಳಗದವು. ಮೈ ಕಿರುಬೆರಳ ತುದಿಯಷ್ಟು, ಬಣ್ಣವಿಲ್ಲ, ನೋಟವಿಲ್ಲ. 1892ರಲ್ಲಿ ವಿಜ್ಞಾನಿಗಳು ಇವಕ್ಕೆ ಹೆಸರಿಟ್ಟರು: ಮ್ಯುನಿಡಾಪ್ಸಿಸ್ ಪಾಲಿಮಾರ್ಫ. ಇವುಗಳ ಹತ್ತಿರದ ನೆಂಟರು ಬೆಳಕು ಮುಟ್ಟದ ಆಳಕಡಲಿನಲ್ಲಿದ್ದಾರೆ. ಇವು ಮಾತ್ರ ಲಾನ್ಸರೋಟೆಯ ಬಿಟ್ಟು ಬೇರೆಲ್ಲಿಯೂ ಕಂಡುಬಂದಿಲ್ಲ. ಇಂಥ ಜೀವಿಗಳ ತಲೆಯ ಮೇಲೆ ಮನುಷ್ಯ ತನ್ನ ನೃತ್ಯಶಾಲೆಯನ್ನು ತೆರೆದನು. ವಾದ್ಯಗಳ ಅಬ್ಬರ ಇವನ್ನು ಬಾಧಿಸದೆ?

ಗಾಳಿಯಲ್ಲಿ ಹುಟ್ಟಿದ ಶಬ್ದದ ಮಟ್ಟಿಗೆ ನೀರಿನ ಮೇಲ್ಮೈಯೇ ಇವಕ್ಕೆ ಕೋಟೆ. ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರ; ಅದರಲ್ಲಿ ಶಬ್ದದ ವೇಗವೂ ನಾಲ್ಕು ಪಾಲಿಗಿಂತ ಹೆಚ್ಚು. ಈ ಎರಡರ ಗುಣಲಬ್ಧವೇ ಮಾಧ್ಯಮವು ಶಬ್ದಕ್ಕೆ ಒಡ್ಡುವ ತಡೆ. ಆದುದರಿಂದ ನೀರಿನ ತಡೆ ಗಾಳಿಯ ತಡೆಯ ಸುಮಾರು 3,600 ಪಾಲು. ತಡೆಗಳಲ್ಲಿ ಇಷ್ಟು ಅಂತರವಿದ್ದರೆ ಶಬ್ದ ಗಡಿಯನ್ನು ದಾಟಲಾರದು. ಸಾವಿರದಲ್ಲಿ ಒಂದು ಪಾಲು ಮಾತ್ರ ನೀರಿಗೆ ಇಳಿದು ಉಳಿದುದೆಲ್ಲ ಮೇಲಕ್ಕೆ ಪ್ರತಿಫಲಿಸುತ್ತದೆ. ಶಬ್ದಕ್ಕೆ ಆ ಕೊಳ ಒಂದು ಕನ್ನಡಿ.

ಆದರೆ ನೀರಿಗೇ ಬೀಳುವ ವಸ್ತುವನ್ನು ಈ ಕನ್ನಡಿ ತಡೆಯಲಾರದು. ನೋಡಲು ಬಂದವರು ಹರಕೆಯಂತೆ ಕೊಳಕ್ಕೆ ನಾಣ್ಯ ಎಸೆಯುತ್ತಾರೆ. ಉಪ್ಪುನೀರಿನಲ್ಲಿ ನಾಣ್ಯದ ಲೋಹ ಸವೆದು ಕರಗುತ್ತದೆ. ತಾಮ್ರದಂಥ ಲೋಹಗಳು ಏಡಿಯ ಬಳಗಕ್ಕೆ ವಿಷ. ಆದುದರಿಂದ ಅಲ್ಲಿ ನಾಣ್ಯ ಎಸೆಯುವುದನ್ನು ನಿಷೇಧಿಸಲಾಗಿದೆ.

ನಮ್ಮೊಳಗಿನ ಗುಹೆ

ಇಂಥದೇ ಇನ್ನೊಂದು ಗುಹೆ ನಮ್ಮಲ್ಲಿ ಪ್ರತಿಯೊಬ್ಬರ ತಲೆಯಲ್ಲಿಯೂ ಇದೆ. ಒಳಗಿವಿಯ ಶಂಖ ಎಲುಬಿನಲ್ಲಿ ಕೊರೆದ ಕತ್ತಲೆಯ ಸುರುಳಿ; ಅದರ ತುಂಬ ದ್ರವ. ಆ ದ್ರವದಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳು ಶಬ್ದದ ಕಂಪನವನ್ನು ನರಗಳಿಗೆ ತಿಳಿಸುತ್ತವೆ. ಗಾಳಿಯ ಶಬ್ದ ನೇರವಾಗಿ ಆ ದ್ರವಕ್ಕೆ ತಗುಲಿದ್ದರೆ ಇಲ್ಲಿಯೂ ಬಹುಪಾಲು ಹಿಂದಿರುಗುತ್ತಿತ್ತು. ನಾವು ಹೆಚ್ಚು ಕಡಿಮೆ ಕಿವುಡರಾಗಿರುತ್ತಿದ್ದೆವು. ಅದಕ್ಕೆ ಪರಿಹಾರವಾಗಿ ನಡುಗಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪುಗಳೆಂಬ ಮೂರು ಕಿರುಮೂಳೆಗಳಿವೆ. ಅಗಲವಾದ ಕಿವಿತಮಟೆಯ ಮೇಲೆ ಬಿದ್ದ ಬಲವನ್ನು ಅದರ ಹದಿನೇಳನೆಯ ಒಂದು ಪಾಲಿನಷ್ಟು ಕಿರಿದಾದ ಕಿಟಕಿಯ ಮೇಲೆ ಇವು ಒತ್ತುತ್ತವೆ. ಸನ್ನೆಗೋಲಿನ ಲಾಭವೂ ಸೇರಿ ಒತ್ತಡ ಸುಮಾರು 22 ಪಾಲಾಗುತ್ತದೆ. ಕೊಳದ ಜೀವಿಗಿರುವ ಕೋಟೆಯ ಬಾಗಿಲನ್ನು ನಮ್ಮ ಕಿವಿ ಕೇಳುವ ಸುಖಕ್ಕಾಗಿ ತಾನೇ ತೆರೆದಿಟ್ಟಿದೆ. ಆದುದರಿಂದ ಆ ಗುಹೆಯಲ್ಲಿ ಅಬ್ಬರದ ವಾದ್ಯಕ್ಕೆ ಅಂಜಬೇಕಾದವರು ನೀರಿನೊಳಗಿನವರಲ್ಲ, ದಡದಲ್ಲಿ ಕುಣಿಯುವವರು.

ಶಬ್ದದ ಮಟ್ಟವನ್ನು ಡೆಸಿಬೆಲ್ಲಿನಲ್ಲಿ ಅಳೆಯುತ್ತಾರೆ. 10 ಡೆಸಿಬೆಲ್ ಏರಿದರೆ ಶಕ್ತಿ ಹತ್ತು ಪಾಲು. 20 ಏರಿದರೆ ನೂರು ಪಾಲು. ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ಮಿತಿ 80 ಡೆಸಿಬೆಲ್ಲಿಗೆ ವಾರಕ್ಕೆ 40 ಗಂಟೆ, ಎಂದರೆ 2,400 ನಿಮಿಷ. ನೃತ್ಯಶಾಲೆಗಳಲ್ಲಿ 100 ಡೆಸಿಬೆಲ್ ಸಾಮಾನ್ಯ. ಶಕ್ತಿ ನೂರು ಪಾಲಾದುದರಿಂದ ಅವಧಿ ನೂರನೆಯ ಒಂದು ಪಾಲಾಗಬೇಕು: ವಾರಕ್ಕೆ 24 ನಿಮಿಷ! ಒಂದು ರಾತ್ರಿಯ ಕುಣಿತಕ್ಕೆ ಇದು ಮುನ್ನುಡಿಗೂ ಸಾಲದು. 2022ರಲ್ಲಿ ಇದೇ ಸಂಸ್ಥೆ ಇಂಥ ಸ್ಥಳಗಳಿಗೆ ಒಂದು ಮಾನದಂಡವನ್ನು ಪ್ರಕಟಿಸಿತು: ಕಾಲು ಗಂಟೆಯ ಸರಾಸರಿ 100 ಡೆಸಿಬೆಲ್ಲನ್ನು ಮೀರಬಾರದು, ಕಿವಿಗೆ ಬಿಡುವು ಕೊಡಲು ನಿಶ್ಶಬ್ದ ಸ್ಥಳವಿರಬೇಕು, ಬಯಸಿದವರಿಗೆ ಕಿವಿಬಿರಡೆ ದೊರೆಯಬೇಕು. ತೆರೆದ ಕಿಟಕಿ ಇಲ್ಲಿಯೂ ಉಪಕಾರಿ. ಮಂದಿರದ ಹೀರಿಕೆ ಇಮ್ಮಡಿಯಾದರೆ ಅನುರಣನದ ಶಬ್ದ 3 ಡೆಸಿಬೆಲ್ ಇಳಿಯುತ್ತದೆ. ಕೇಳಬಹುದಾದ ಅವಧಿ ಇಮ್ಮಡಿಯಾಗುತ್ತದೆ.

ಲಾನ್ಸರೋಟೆಗೆ ಹೋಗುವ ಅವಕಾಶ ನಮ್ಮಲ್ಲಿ ಎಷ್ಟು ಜನಕ್ಕೆ ದೊರೆತೀತು? ಆದರೆ ಕಿವಿಗೆ ಸಿಕ್ಕಿಸಿಕೊಂಡ ಪುಟ್ಟ ಯಂತ್ರವೂ, ಉತ್ಸವದ ಮೆರವಣಿಗೆಯ ಧ್ವನಿವರ್ಧಕವೂ ಇದೇ ಲೆಕ್ಕಕ್ಕೆ ಒಳಪಟ್ಟಿವೆ. ಸದ್ದಿನ ಸಭೆಯಿಂದ ಹೊರಬಂದಾಗ ಕಿವಿಯಲ್ಲಿ ಗುಂಯ್ ಎನ್ನುವ ದನಿ ಕೇಳಿದರೆ, ಒಳಗಿನ ಕೊಳಕ್ಕೆ ನಾಣ್ಯ ಬಿದ್ದಿದೆಯೆಂದು ತಿಳಿಯಬೇಕು. ಆ ಗುಹೆಯಲ್ಲಿ ಎಚ್ಚರಿಕೆಯ ಫಲಕ ಹಾಕಲು ಕಾವಲಿನವರಿದ್ದಾರೆ. ಈ ಗುಹೆಗೆ ನಾವೇ ಕಾವಲು. ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಹಾಡನ್ನು ಕೇಳೋಣ, ಕುಣಿಯಲೂ ಕುಣಿಯೋಣ. ನಡುನಡುವೆ ಹೊರಗೆ ಬಂದು, ಆಕಾಶ ಕಾಣುವ ಕುಳಿಯಲ್ಲಿ ಒಂದಿಷ್ಟು ಹೊತ್ತು ನಿಲ್ಲೋಣ.