ಓಟದ ಮೋಟಾರೂ ಅದರ ಟೈರೂ

ಮೋಟಾರು ಓಟದ ವಿಷಯವು ಬಾಲಿಕಾ ಪಾಠಶಾಲೆಯ ಸಂಚಿಕೆಗೆ ಉಚಿತವೇ ಎಂದು ಕೆಲವರು ಸಂದೇಹಪಡಬಹುದು. ಘರ್ಷಣೆ, ಉಷ್ಣ, ಒತ್ತಡ ಎಂಬ ಶಬ್ದಗಳನ್ನು ಕಂಠಪಾಠ ಮಾಡುವ ನಮ್ಮ ವಿದ್ಯಾರ್ಥಿನಿಯರು ಆ ಮೂರೂ ಕೂಡಿ ಕೆಲಸ ಮಾಡುವುದನ್ನು ಒಂದೇ ಕಡೆಯಲ್ಲಿ ಕಾಣಬೇಕಾದರೆ, ಓಟದ ಬಂಡಿಯ ಟೈರಿಗಿಂತ ಮೇಲಾದ ನಿದರ್ಶನವು ದೊರೆಯುವುದು ದುರ್ಲಭವೆಂದು ತಿಳಿದು ಈ ವಿಷಯವನ್ನು ಆರಿಸಿಕೊಂಡಿದ್ದೇವೆ. ಇದಲ್ಲದೆ ಈ ವೃತ್ತಾಂತದಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲುಂಟು.

ಮಾಸ್ತಿಯ ಸುತ್ತಲಿನ ಹಳ್ಳಿಗಳಲ್ಲಿ ಟೈರಿನ ಗಾಡಿಗಳು ಬರುವುದಕ್ಕೆ ಮೊದಲು, ಕಮ್ಮಾರನು ಕಬ್ಬಿಣದ ಪಟ್ಟೆಯನ್ನು ಕಾಯಿಸಿ ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ದು ಬಿಗಿಸುತ್ತಿದ್ದನು. ಆ ಪಟ್ಟೆಯು ಚಕ್ರವನ್ನು ಸವೆಯದಂತೆ ಕಾಯುತ್ತಿತ್ತೇ ಹೊರತು ಗಾಡಿಯನ್ನು ನಡೆಸುತ್ತಿರಲಿಲ್ಲ. ನೆಲವನ್ನು ಒದ್ದು ಮುಂದಕ್ಕೆ ಹೋಗುವುದು ಎತ್ತಿನ ಗೊರಸಿನ ಕೆಲಸವಾಗಿತ್ತು. ಮೋಟಾರಿನಲ್ಲಾದರೋ ಗೊರಸೂ ಪಟ್ಟೆಯೂ ಒಂದೇ. ಯಂತ್ರದ ಬಲ, ಬ್ರೇಕಿನ ಬಲ, ತಿರುವಿನಲ್ಲಿ ಬಂಡಿಯನ್ನು ಹಿಡಿದು ತಿರುಗಿಸುವ ಬಲ, ಇವೆಲ್ಲವೂ ನಾಲ್ಕು ಟೈರುಗಳು ನೆಲವನ್ನು ಮುಟ್ಟುವ ನಾಲ್ಕು ಚಿಕ್ಕ ತಾಣಗಳ ಮೂಲಕವೇ ಹಾಯಬೇಕು. ಅಲ್ಲಿ ಹಿಡಿತವಿಲ್ಲದಿದ್ದರೆ ಯಂತ್ರವು ಎಷ್ಟು ಬಲವಾದುದಾದರೂ ಚಕ್ರವು ಸುಮ್ಮನೆ ಜಾರುವುದಷ್ಟೆ.

ಟೈರಿನಲ್ಲಿ ಎರಡು ಮುಖ್ಯ ಭಾಗಗಳುಂಟು. ಹೊರಗಿನದು ರಬ್ಬರು, ಇದರಲ್ಲಿ ಇಂಗಾಲದ ಮಸಿ, ಎಣ್ಣೆ, ಗಂಧಕ ಮೊದಲಾದುವನ್ನು ಬೆರೆಸಿರುತ್ತಾರೆ. ಒಳಗಿನದು ನೂಲು ಮತ್ತು ಪಟ್ಟಿಗಳಿಂದ ಕಟ್ಟಿದ ಹಂದರ. ಮೃದುವಾದ ರಬ್ಬರು ನೆಲವನ್ನು ಚೆನ್ನಾಗಿ ಕಚ್ಚುವುದು, ಆದರೆ ಬೇಗನೆ ಸವೆಯುವುದು. ಗಡುಸಾದುದು ಬಾಳುವುದು, ಆದರೆ ಜಾರುವುದು. ಮಾಲೂರಿನಿಂದ ಹೆಂಚು ಇಟ್ಟಿಗೆಗಳನ್ನು ಹೊತ್ತು ಹೋಗುವ ಲಾರಿಯ ಟೈರು ಸಾವಿರಾರು ಮೈಲಿ ಬಾಳಬೇಕು. ಫಾರ್ಮುಲಾ ವನ್ ಎಂಬ ಓಟದ ಟೈರಾದರೋ ಸುಮಾರು ೩೦೫ ಕಿಲೋಮೀಟರಿನ ಒಂದು ಪಂದ್ಯವನ್ನು ಪೂರ್ತಿ ಬಾಳಿದರೆ ಹೆಚ್ಚು. ಇದಕ್ಕಿಂತಲೂ ಸೂಕ್ಷ್ಮವಾದುದು ಉಷ್ಣದ ವಿಷಯ. ಒಂದೊಂದು ಬೆರಕೆಯ ರಬ್ಬರಿಗೂ ತನ್ನದೇ ಆದ ಹದ ಒಂದುಂಟು. ಹದಕ್ಕೆ ಕಡಿಮೆ ಕಾದರೆ ಅದು ಹಿಡಿಯುವುದಿಲ್ಲ. ಹೆಚ್ಚು ಕಾದರೆ ಬೊಬ್ಬೆಯೆದ್ದು ಸುಲಿಯುವುದು. ನೆಲವನ್ನು ಬಲವಾಗಿ ಒತ್ತುವ ಬಂಡಿ ಟೈರನ್ನು ಬೇಗ ಕಾಯಿಸುವುದು. ಮೆತ್ತಗೆ ಓಡುವ ಬಂಡಿ ನಿಧಾನವಾಗಿ ಕಾಯಿಸುವುದು. ಒಂದು ತಂಡಕ್ಕೆ ಅಮೃತವಾದ ಟೈರು ಮತ್ತೊಂದಕ್ಕೆ ವಿಷವಾಗುವುದು ಇದರಿಂದಲೇ.

ಹಾಗಾದರೆ ಒಳ್ಳೆಯ ಟೈರು ಮಾಡುವವನನ್ನು ಆರಿಸಿಕೊಂಡರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು. ಟೈರು ತಯಾರಿಸುವವನು ಹಲವು ತಂಡಗಳಿಗೆ ಒದಗಿಸಬಹುದು. ಆದರೆ ಅಳತೆ ತೆಗೆಯುವುದು ತನ್ನೊಡನೆ ಹೆಚ್ಚಾಗಿ ಪರೀಕ್ಷೆ ನಡೆಸುವ ಒಂದೆರಡು ಶ್ರೀಮಂತ ತಂಡಗಳ ಬಂಡಿಯಿಂದ. ಮಿಕ್ಕವರಿಗೆ ದೊರೆಯುವುದು, ಅಕ್ಕನ ಮೈಗೆ ಹೊಲಿದ ರವಿಕೆಯನ್ನು ತಂಗಿಯು ತೊಟ್ಟಂತೆ. ಅದು ಕೆಲವೊಮ್ಮೆ ಸರಿಹೋಗುವುದು, ಅನೇಕ ವೇಳೆ ಹೋಗದು.

೨೦೦೫ರಲ್ಲಿ ಫಾರ್ಮುಲಾ ವನ್ನಿನ ಹತ್ತು ತಂಡಗಳ ಪೈಕಿ ಏಳು ಫ್ರಾನ್ಸಿನ ಮಿಷೆಲಿನ್ ಟೈರನ್ನೂ, ಫೆರಾರಿ, ಜೋರ್ಡನ್, ಮಿನಾರ್ಡಿ ಎಂಬ ಮೂರು ಜಪಾನಿನ ಬ್ರಿಜ್‌ಸ್ಟೋನ್ ಟೈರನ್ನೂ ಆರಿಸಿಕೊಂಡಿದ್ದವು. ಆ ವರ್ಷ ಪಂದ್ಯದ ನಡುವೆ ಟೈರು ಬದಲಾಯಿಸಬಾರದೆಂಬ ನಿಯಮವು ಬಂದಿತ್ತು. ಏಳು ತಂಡಗಳ ಅನುಭವವನ್ನು ಒಟ್ಟುಗೂಡಿಸಬಲ್ಲ ಮಿಷೆಲಿನ್ನಿಗೆ ಇದು ಅನುಕೂಲವಾಯಿತು. ಬಲವಾದ ಸಂಗಾತಿಯೆಂದರೆ ಫೆರಾರಿಯೊಂದೇ ಆಗಿದ್ದ ಬ್ರಿಜ್‌ಸ್ಟೋನ್ ಹಿಂದೆ ಬಿದ್ದಿತು. ಹತ್ತೊಂಬತ್ತು ಪಂದ್ಯಗಳಲ್ಲಿ ಹದಿನೆಂಟನ್ನು ಮಿಷೆಲಿನ್ ತಂಡಗಳೇ ಗೆದ್ದವು. ಹಿಂದಿನ ವರ್ಷ ಹದಿನೈದು ಪಂದ್ಯಗಳನ್ನು ಗೆದ್ದಿದ್ದ ಫೆರಾರಿಯು ಆ ವರ್ಷ ಗೆದ್ದುದು ಒಂದನ್ನು ಮಾತ್ರ.

ಆ ಒಂದರ ಕಥೆಯು ವಿಚಿತ್ರವಾದುದು. ಅಮೆರಿಕದ ಇಂಡಿಯಾನಾಪೊಲಿಸ್ ಪಥದಲ್ಲಿ ಹದಿಮೂರನೆಯ ತಿರುವನ್ನು ಓರೆಯಾಗಿ ಎತ್ತರಿಸಿ ಕಟ್ಟಿದೆ. ಅಭ್ಯಾಸದ ದಿನ ಅಲ್ಲಿ ಮಿಷೆಲಿನ್ ಟೈರೊಂದು ಕೈಕೊಟ್ಟು ರಾಲ್ಫ್ ಶುಮಾಕರರ ಬಂಡಿಯು ಗೋಡೆಗೆ ಬಡಿಯಿತು. ಆ ತಿರುವಿನಲ್ಲಿ ವೇಗವನ್ನು ತಗ್ಗಿಸದ ಹೊರತು ತಮ್ಮ ಟೈರು ಕ್ಷೇಮಕರವೆಂದು ಹೇಳಲಾರೆವೆಂದು ಮಿಷೆಲಿನ್ನವರು ತಿಳಿಸಿದರು. ಪಥವನ್ನು ಬದಲಿಸಲು ಅಧಿಕಾರಿಗಳು ಒಪ್ಪಲಿಲ್ಲ. ೨೦೦೫ನೆಯ ಜೂನ್ ೧೯ರಂದು ಇಪ್ಪತ್ತು ಬಂಡಿಗಳು ಒಂದು ಸುತ್ತು ಬಂದು, ಅವುಗಳಲ್ಲಿ ಹದಿನಾಲ್ಕು ಹಿಂದಿರುಗಿಬಿಟ್ಟವು, ಓಡಿದುವು ಆರೇ. ಬ್ರಿಜ್‌ಸ್ಟೋನಿನ ಸೋದರ ಸಂಸ್ಥೆಯಾದ ಫೈರ್‌ಸ್ಟೋನ್ ಅದೇ ಪಥದ ಬೇರೊಂದು ಪಂದ್ಯಕ್ಕೆ ಟೈರು ಒದಗಿಸುತ್ತಿದ್ದುದರಿಂದ, ಹೊಸದಾಗಿ ಹಾಸಿದ್ದ ಆ ನೆಲದ ಗುಣವು ಅವರಿಗೆ ಮೊದಲೇ ತಿಳಿದಿತ್ತು. ಟೈರು ಒದಗಿಸುವವನಿಂದ ತಂಡವು ಕೊಳ್ಳುವುದು ರಬ್ಬರನ್ನು ಮಾತ್ರವಲ್ಲ, ಅವನ ತಿಳಿವಳಿಕೆಯನ್ನೂ ಕೂಡ.

ಆ ಆರರ ಪೈಕಿ ಜೋರ್ಡನ್ ತಂಡದ ಒಂದು ಬಂಡಿಯನ್ನು ನಡೆಸಿ ನಾಲ್ಕನೆಯವರಾಗಿ ಬಂದವರು ಕೊಯಮತ್ತೂರಿನ ನರೈನ್ ಕಾರ್ತಿಕೇಯನ್. ಫಾರ್ಮುಲಾ ವನ್ನಿನಲ್ಲಿ ಭಾರತೀಯರೊಬ್ಬರು ಗಳಿಸಿದ ಮೊದಲ ಅಂಕಗಳು ಅವು, ಸಂಖ್ಯೆಯಲ್ಲಿ ಐದು. ಆರು ಬಂಡಿಗಳ ಓಟವೆಂದು ಇದನ್ನು ಹಳಿದವರುಂಟು. ಆದರೂ ಕಡೆಯ ಸುತ್ತಿನವರೆಗೆ ಬಂಡಿಯನ್ನು ಕೆಡಿಸದೆ ತಂದವರ ಶ್ರಮವನ್ನು ಅಲ್ಲಗಳೆಯುವುದು ನಮಗೆ ನ್ಯಾಯವೆಂದು ತೋರುವುದಿಲ್ಲ.

ಈ ಜೋರ್ಡನ್ ತಂಡವೇ ಕೈಯಿಂದ ಕೈಗೆ ದಾಟಿ ಮಿಡ್‌ಲ್ಯಾಂಡ್ ಎಂದೂ ಸ್ಪೈಕರ್ ಎಂದೂ ಹೆಸರು ಪಡೆಯಿತು. ೨೦೦೭ರಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯರೂ ಹಾಲೆಂಡಿನ ಮಿಖಿಯೆಲ್ ಮೋಲರೂ ಅದನ್ನು ಕೊಂಡುಕೊಂಡರು. ೨೦೦೮ರಿಂದ ಅದು ಫೋರ್ಸ್ ಇಂಡಿಯಾ ಎಂಬ ಹೆಸರಿನಿಂದ ಓಡಿತು. ಅಷ್ಟರಲ್ಲಿ ಆಯ್ಕೆಯ ಕಾಲವು ಮುಗಿದಿತ್ತು. ೨೦೦೭ರಿಂದ ಎಲ್ಲರಿಗೂ ಬ್ರಿಜ್‌ಸ್ಟೋನ್ ಒಂದೇ, ೨೦೧೧ರಿಂದ ಇಟಲಿಯ ಪಿರೆಲ್ಲಿ ಒಂದೇ. ಎಲ್ಲರಿಗೂ ಒಂದೇ ಟೈರಾದ ಮೇಲೆ ಈ ಚಿಂತೆಯೇ ತೀರಿತೆಂದು ತೋರುವುದು ಸಹಜ. ಆದರೆ ೨೦೧೩ರಲ್ಲಿ ನಡೆದುದು ಬೇರೆ.

ಆ ವರ್ಷ ಪಿರೆಲ್ಲಿಯವರು ಬೇಗ ಸವೆಯುವ ಟೈರುಗಳನ್ನು ತಂದು, ಒಳಗಿನ ಪಟ್ಟಿಯನ್ನೂ ಕೆವ್ಲಾರ್ ಎಂಬ ನೂಲಿನಿಂದ ಉಕ್ಕಿಗೆ ಬದಲಾಯಿಸಿದ್ದರು. ಫೋರ್ಸ್ ಇಂಡಿಯಾದ ಬಂಡಿಯು ಟೈರನ್ನು ಮೃದುವಾಗಿ ಬಳಸುವುದಾಗಿದ್ದು, ಈ ಬದಲಾವಣೆಯು ಅದಕ್ಕೆ ಒಗ್ಗಿತು. ಬಹ್ರೇನಿನಲ್ಲಿ ಪಾಲ್ ಡಿ ರೆಸ್ಟಾ ಎರಡೇ ಸಲ ಟೈರು ಬದಲಾಯಿಸಿ ನಾಲ್ಕನೆಯವರಾದರು. ಕಡೆಗೆ ಅವರನ್ನು ಹಿಂದಿಕ್ಕಿ ಮೂರನೆಯ ಸ್ಥಾನ ಪಡೆದವರು ಮೂರು ಸಲ ಬದಲಾಯಿಸಿದ್ದರು. ಮೊನಾಕೊದಲ್ಲಿ ಅಡ್ರಿಯನ್ ಸುಟಿಲ್ ಐದನೆಯವರು. ಟೈರುಗಳು ಸುಲಿಯುತ್ತಿವೆ, ಬದಲಾಯಿಸಿರೆಂಬ ಕೂಗು ಎದ್ದಾಗ ಫೆರಾರಿ, ಲೋಟಸ್, ಫೋರ್ಸ್ ಇಂಡಿಯಾ ಈ ಮೂರು ತಂಡಗಳು ಅದನ್ನು ವಿರೋಧಿಸಿದುದು ಸಹಜವೇ. ಕೊಟ್ಟ ಟೈರಿಗೆ ತಕ್ಕಂತೆ ಬಂಡಿಯನ್ನು ಮಾಡಿಕೊಂಡವರು, ಮಾಡಿಕೊಳ್ಳದವರ ಸಲುವಾಗಿ ಏಕೆ ನಷ್ಟಪಡಬೇಕು?

ಆದರೆ ಜೂನ್ ೩೦ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ, ಆ ತಂಡದ ಕಾರ್ಖಾನೆಯ ಎದುರಿನ ಪಥದಲ್ಲಿಯೇ, ಓಡುತ್ತಿದ್ದ ನಾಲ್ಕು ಬಂಡಿಗಳ ಹಿಂದಿನ ಎಡ ಟೈರುಗಳು ಒಂದರ ಮೇಲೊಂದು ಸಿಡಿದುವು. ಹಿಂದಿನ ಟೈರುಗಳನ್ನು ಎಡಬಲ ಅದಲುಬದಲು ಮಾಡಿ ತೊಡಿಸಿದುದು, ಗಾಳಿಯನ್ನು ತೀರ ಕಡಿಮೆ ತುಂಬಿದುದು ಮೊದಲಾದ ಕಾರಣಗಳನ್ನು ಪಿರೆಲ್ಲಿಯವರು ಹೇಳಿದರು. ಪ್ರಾಣದ ಪ್ರಶ್ನೆ ಬಂದಾಗ ವಾದಕ್ಕೆಡೆಯೆಲ್ಲಿ? ಜರ್ಮನಿಯಲ್ಲಿ ಹಿಂದಿನ ಟೈರುಗಳಿಗೆ ಕೆವ್ಲಾರ್ ಮರಳಿತು. ಹಂಗೆರಿಯಿಂದ ಮುಂದೆ ೨೦೧೨ರ ಹಂದರದ ಮೇಲೆ ೨೦೧೩ರ ರಬ್ಬರನ್ನು ಹಾಕಿ ಕೊಟ್ಟರು.

ಮುಂದಿನದನ್ನು ಅಂಕಗಳೇ ಹೇಳುವುವು. ಸಿಲ್ವರ್‌ಸ್ಟೋನಿನವರೆಗಿನ ಎಂಟು ಪಂದ್ಯಗಳಲ್ಲಿ ಫೋರ್ಸ್ ಇಂಡಿಯಾಕ್ಕೆ ೫೯ ಅಂಕ, ಅದಕ್ಕಿಂತ ಬಹು ಸಿರಿವಂತವಾದ ಮೆಕ್ಲಾರೆನ್ ತಂಡಕ್ಕೆ ೩೭. ಉಳಿದ ಹನ್ನೊಂದರಲ್ಲಿ ಫೋರ್ಸ್ ಇಂಡಿಯಾಕ್ಕೆ ೧೮ ಮಾತ್ರ, ಮೆಕ್ಲಾರೆನ್ನಿಗೆ ೮೫. ಹೀಗೆ ಐದನೆಯ ಸ್ಥಾನವು ಕೈತಪ್ಪಿ ಆರನೆಯದು ಉಳಿಯಿತು. ಮರುವರ್ಷ ಹೊಸ ಯಂತ್ರಗಳು ಬರುವುದಿದ್ದುದರಿಂದ ತಂಡದ ಗಮನವು ಅತ್ತ ಹರಿದದ್ದೂ ಇದರಲ್ಲಿ ಸೇರಿರಬಹುದು. ಎಲ್ಲವನ್ನೂ ಟೈರಿನ ತಲೆಯ ಮೇಲೆ ಹಾಕುವುದು ಸರಿಯಲ್ಲ. ಆದರೂ ಸ್ಥಾನವೊಂದಕ್ಕೆ ಸಲ್ಲುವ ಬಹುಮಾನದ ಹಣದಿಂದಲೇ ಮುಂದಿನ ವರ್ಷವನ್ನು ತೂಗಿಸಬೇಕಾದ ಸಣ್ಣ ತಂಡಕ್ಕೆ ಈ ನಷ್ಟವು ಸಣ್ಣದಲ್ಲ. ಫೋರ್ಸ್ ಇಂಡಿಯಾ ಎಂಬ ಹೆಸರು ೨೦೧೮ರಲ್ಲಿ ಕೊನೆಗೊಂಡು, ಆ ತಂಡವು ಈಗ ಆಸ್ಟನ್ ಮಾರ್ಟಿನ್ ಎಂಬ ಹೆಸರಿನಿಂದ ಸಿಲ್ವರ್‌ಸ್ಟೋನಿನಲ್ಲಿಯೇ ಇದೆ.

ಆಯ್ಕೆಯ ಸ್ವಾತಂತ್ರ್ಯವು ಉಳಿದಿರುವ ಕಡೆಯೂ ಉಂಟು. ಯೂರೋಪಿನ ರ‍್ಯಾಲಿ ಪಂದ್ಯಗಳಲ್ಲಿ ಬೇರೆ ಬೇರೆಯವರ ಟೈರುಗಳು ಪೈಪೋಟಿ ನಡೆಸಿವೆ. ೧೯೪೬ರಲ್ಲಿ ಮದರಾಸಿನಲ್ಲಿ ಮಕ್ಕಳ ಬೆಲೂನು ಮಾಡುತ್ತ ಆರಂಭವಾದ ಎಂ.ಆರ್.ಎಫ್. ಸಂಸ್ಥೆಯು ಅಲ್ಲಿಗೆ ತನ್ನ ಹೆಸರಿನ ತಂಡವನ್ನೇ ಕಳುಹಿಸಿತು. ಅಲ್ಲಿ ಅಕ್ಕನ ರವಿಕೆಯ ಮಾತಿಲ್ಲ. ಅಳತೆ ಕೊಡುವುದೂ ಹೊಲಿಯುವುದೂ ಒಂದೇ ಮನೆಯಲ್ಲಿ. ೨೦೨೨ರಲ್ಲಿ ಆ ತಂಡದ ಸ್ಪೇನಿನ ಚಾಲಕ ಎಫ್ರೆನ್ ಯರೇನಾ ಯೂರೋಪಿನ ರ‍್ಯಾಲಿ ಚಾಂಪಿಯನ್ ಪದವಿಯನ್ನು ಪಡೆದರು.