ಅಜ್ಜಿಯ ಹಾಡಿಗೆ 44,100 ಸಾಕು ಕಣ್ರೀ!

ಕುಪ್ಪಗಡ್ಡೆ: ಸೊರಬ, ಶಿಕಾರಿಪುರ ಸೀಮೆಯ ಮನೆಗಳ ಅಟ್ಟದ ಮೇಲೆ, ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ, ಕ್ಯಾಸೆಟ್ಟುಗಳು ಇನ್ನೂ ಬಿದ್ದಿವೆ. ಅಂಗಡಿಯಿಂದ ತಂದ ಸಿನಿಮಾ ಹಾಡಿನವು ಹೋಗಲಿ, ಅವು ಎಲ್ಲಿ ಬೇಕಾದರೂ ಸಿಗುತ್ತವೆ. ಮಾತು ಇನ್ನೊಂದು ನಮೂನೆಯ ಕ್ಯಾಸೆಟ್ಟಿನದು. ದೀಪಾವಳಿ ರಾತ್ರಿ ದೀಪ ಹಿಡಿದು ಬಾಗಿಲಿಗೆ ಬಂದ ಅಂಟಿಕೆ-ಪಂಟಿಕೆಯವರ ಹಾಡು, ಮದುವೆಮನೆಯ ಸೋಬಾನೆ, ಊರ ಡೊಳ್ಳು, ಬಯಲಲ್ಲಿ ಬೆಳಗಿನ ತನಕ ನಡೆದ ಆಟದ ಚಂಡೆ. ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ಮನೆಯವರೇ ಹಿಡಿದಿಟ್ಟದ್ದು. ಹಾಡಿದ ಅಜ್ಜಿಯಂದಿರಲ್ಲಿ ಎಷ್ಟೋ ಜನ ಈಗಿಲ್ಲ. ಅವರ ದನಿ ಇರುವುದು ಆ ಡಬ್ಬಿಯಲ್ಲಿ ಮಾತ್ರ.

ಮನೆಯ ಹುಡುಗರಿಗೆ ಒಂದು ದಿನ ಬುದ್ಧಿ ಬಂತು ಅನ್ನಿ. ಕ್ಯಾಸೆಟ್ ತಗೊಂಡು ಪೇಟೆಯ ಮೊಬೈಲ್ ಅಂಗಡಿಗೆ ಬರುತ್ತಾರೆ.

"ಅಣ್ಣಾ, ಇದನ್ನ ಪೆನ್‌ಡ್ರೈವಿಗೆ ಹಾಕಿಕೊಡ್ತೀರಾ?"

"ಹಾಕಣ, ಇಟ್ಟು ಹೋಗಿ ಮಾರಾಯ್ರೇ. ಸಂಜೆ ಬಸ್ಸಿಗೆ ಹೋಗ್ತಾ ತಗೊಳ್ಳಿ."

ಮುಗಿಯಿತು ಮಾತು. ಎಷ್ಟು ದುಡ್ಡು ಅಂತ ಕೇಳುತ್ತಾರೆ, ಯಾವ ಸ್ಯಾಂಪಲ್ ರೇಟ್ ಅಂತ ಯಾರೂ ಕೇಳುವುದಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಮಾತ್ರ ಆ ಪ್ರಶ್ನೆ ಕೂತೇ ಇರುತ್ತದೆ: 11,025? 22,050? 44,100? 48,000? ಹಿಂದಿನ ಗಿರಾಕಿಗೆ ಯಾವುದಿತ್ತೋ ಅದಕ್ಕೇ ಒತ್ತಿಬಿಡುವುದು ರೂಢಿ. ಹಾಡು ಉಳಿಯುವುದು, ಹಾಳಾಗುವುದು ಅಲ್ಲೇ.

ಸ್ಯಾಂಪಲ್ ಅಂದರೆ ನಮ್ಮ ಅಡಿಕೆ ಮಂಡಿಯ ಮಂದಿಗೆ ಹೊಸ ಮಾತಲ್ಲ. ಚೀಲದಿಂದ ಒಂದು ಹಿಡಿ ತೆಗೆದು ಇಡೀ ಚೀಲದ ಯೋಗ್ಯತೆ ಹೇಳುತ್ತಾರೆ. ಇಲ್ಲೂ ಅದೇ ಕೆಲಸ. ದನಿ ಅಂದರೆ ಗಾಳಿಯ ಅಲೆ. ಆ ಅಲೆ ಈ ಕ್ಷಣ ಎಷ್ಟು ಎತ್ತರದಲ್ಲಿದೆ ಅಂತ ಯಂತ್ರ ಅಳೆದು ಬರೆದುಕೊಳ್ಳುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಅಳೆಯಿತು ಎಂಬುದೇ ಸ್ಯಾಂಪಲ್ ರೇಟ್. ನಿಯಮ ಒಂದೇ: ಎಷ್ಟು ಸಲ ಅಳೆಯುತ್ತೀರೋ ಅದರ ಅರ್ಧದಷ್ಟು ಕಂಪನದ ದನಿಯವರೆಗೆ ಮಾತ್ರ ಸಿಗುತ್ತದೆ. ಎಳೆಯ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನದ ತನಕ ಕೇಳುತ್ತದೆ. ಆದ್ದರಿಂದ 40,000ಕ್ಕೆ ಮೇಲೆ ಸ್ವಲ್ಪ ಇದ್ದರೆ ಸಾಕು.

ಹಾಗಾದರೆ ಈ 44,100 ಎಂಬ ವಿಚಿತ್ರ ಲೆಕ್ಕ ಎಲ್ಲಿಂದ ಬಂತು? 1970ರ ದಶಕದ ಕೊನೆಯಲ್ಲಿ ಅಂಕಿಯಾದ ದನಿಯನ್ನು ವಿಡಿಯೋ ಟೇಪಿನ ಮೇಲೆ ಬರೆದಿಡುತ್ತಿದ್ದರು. ಒಂದು ಗೆರೆಗೆ 3 ಅಳತೆ, ಒಂದು ಚಿತ್ರಾರ್ಧಕ್ಕೆ 245 ಗೆರೆ, ಸೆಕೆಂಡಿಗೆ 60 ಚಿತ್ರಾರ್ಧ. ಗುಣಿಸಿ ನೋಡಿ, ಸರಿಯಾಗಿ 44,100. 1982ರಲ್ಲಿ ಸೋನಿ, ಫಿಲಿಪ್ಸ್ ಕಂಪನಿಗಳ ಸಿ.ಡಿ. ಬಂದಾಗ ಅದೇ ಅಂಕಿ ಗಟ್ಟಿಯಾಯಿತು. 48,000 ಎಂಬುದು ವಿಡಿಯೋ ಕಡೆಯವರ ಲೆಕ್ಕ. ಮದುವೆ ವಿಡಿಯೋಕ್ಕೆ ಹಾಡು ಕೂಡಿಸುವವರು ಅದನ್ನು ಇಟ್ಟುಕೊಳ್ಳಲಿ. ಬರೀ ಹಾಡು ಕೇಳುವವರಿಗೆ 44,100ಕ್ಕಿಂತ ಅದರಿಂದ ಹೆಚ್ಚಿನ ಸುಖವೇನೂ ಇಲ್ಲ. ಎರಡನ್ನೂ ಕಲಸಿ, 44,100ರ ಫೈಲನ್ನು 48,000 ಅಂತ ತಪ್ಪಾಗಿ ನುಡಿಸಿದರೆ ಮಾತ್ರ ಹಾಡು ನೂರಕ್ಕೆ ಸುಮಾರು 9ರಷ್ಟು ಬಿರುಸಾಗಿ ಓಡಿ, ಅಜ್ಜಿಯ ದನಿ ಮೊಮ್ಮಗಳ ದನಿಯಾಗುತ್ತದೆ!

ಕೆಳಗಿನ ಅಂಕಿಗಳ ಕಥೆ ಬೇರೆ. 11,025 ಒತ್ತಿದರೆ 5,500 ಕಂಪನದ ಮೇಲಿನದೆಲ್ಲಾ ಮಾಯ. ತಾಳದ ಝಣ ಝಣ ಹೋಯಿತು, ಚಂಡೆಯ ಚುರುಕು ಹೋಯಿತು, 'ಸ' ಯಾವುದು 'ಶ' ಯಾವುದು ತಿಳಿಯದು. ಡೊಳ್ಳಿನ ಗುಡುಗು ಉಳಿದೀತು, ಕೋಲು ಚರ್ಮಕ್ಕೆ ತಾಗುವ ಛಟೀರ್ ಉಳಿಯುವುದಿಲ್ಲ. ಒಂದು ಸಲ ಹೋದದ್ದು ಹೋಯಿತು. ಆಮೇಲೆ ಅದೇ ಫೈಲನ್ನು 44,100ಕ್ಕೆ ಏರಿಸಿಕೊಟ್ಟೆ ಅಂತ ಯಾರಾದರೂ ಹೇಳಿದರೆ, ನೀರು ಬೆರೆಸಿದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದ ಹಾಗೆ. ಪಾತ್ರೆ ದೊಡ್ಡದಾಯಿತೇ ಹೊರತು ಹಾಲು ಗಟ್ಟಿಯಾಗಲಿಲ್ಲ.

ಇಲ್ಲೊಂದು ತೊಡಕಿದೆ, ಅಂಗಡಿಯವರೂ ಎಡವುವುದು ಇಲ್ಲೇ. ಎಂಪಿ3 ಅಂದರೆ ದನಿಯನ್ನು ಹಿಂಡಿ ಸಣ್ಣದು ಮಾಡುವ ವಿದ್ಯೆ. ಹಿಂಡದಿದ್ದರೆ ಒಂದು ತಾಸಿನ ಕ್ಯಾಸೆಟ್ಟಿಗೆ 635 ಎಂ.ಬಿ. ಬೇಕು. 128ರ ಬಿಟ್ ರೇಟಿಗೆ ಹಿಂಡಿದರೆ 58ಕ್ಕೆ ಇಳಿಯುತ್ತದೆ. ಫೈಲಿನ ಗಾತ್ರವನ್ನು ತೀರ್ಮಾನಿಸುವುದು ಈ ಬಿಟ್ ರೇಟ್, ಸ್ಯಾಂಪಲ್ ರೇಟ್ ಅಲ್ಲ. ಬಿಟ್ ರೇಟ್ ಒಂದು ಗಡಿಗೆ ಸಾರು ಅಂತಿಟ್ಟುಕೊಳ್ಳಿ, ಸ್ಯಾಂಪಲ್ ರೇಟ್ ಉಣ್ಣಲು ಹಾಕಿದ ಎಲೆಗಳು. ಗಡಿಗೆ ಸಣ್ಣದಿದ್ದು ಎಲೆ ಹೆಚ್ಚಿದರೆ ಎಲ್ಲರಿಗೂ ನೀರು ಸಾರೇ ಗತಿ. 32ರ ಬಿಟ್ ರೇಟ್ ಇಟ್ಟು 44,100 ಕೇಳಿದರೆ ಹಾಡು ನೀರೊಳಗಿಂದ ಬಂದ ಹಾಗೆ ಗುಳುಗುಳು ಅನ್ನುತ್ತದೆ. ಅಷ್ಟೇ ಜಾಗ ಇರುವುದಾದರೆ 22,050ಕ್ಕೆ ಇಳಿಸಿ, ಎರಡು ಕಿವಿಯ ಬದಲು ಒಂದೇ ಮಾಡಿಕೊಂಡರೆ ವಾಸಿ. ಹರಿಕಥೆ, ತಾಳಮದ್ದಳೆಯ ಮಾತಿಗೆ ಅದು ತಕ್ಕಮಟ್ಟಿಗೆ ನಡೆಯುತ್ತದೆ. ಹಾಡಿಗೆ ಮಾತ್ರ ಬೇಡ.

ಆದರೆ ಸ್ವಾಮಿ, ಈಗ ಜಾಗಕ್ಕೇನು ಬರ? ಒಂದು ಕಾಲದಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವಾಗ ಒಂದೊಂದು ಎಂ.ಬಿ.ಗೂ ಲೆಕ್ಕವಿತ್ತು, ಗಿರಾಕಿಗೂ ಸಂಖ್ಯೆಯೇ ಮುಖ್ಯವಾಗಿತ್ತು. ಈಗ 32 ಜಿ.ಬಿ.ಯ ಕಾರ್ಡಿನಲ್ಲಿ ಹಿಂಡದೆಯೇ 50 ಕ್ಯಾಸೆಟ್ ಕೂರುತ್ತವೆ. ಯಾವ ಮನೆಯ ಅಟ್ಟದ ಮೇಲೆ ಅಷ್ಟು ಮನೆಹಾಡಿನ ಕ್ಯಾಸೆಟ್ ಇದೆ? ಆದ್ದರಿಂದ ಅಂಗಡಿಯಲ್ಲಿ ಹೀಗೆ ಕೇಳಿ: "44,100ರಲ್ಲಿ ಹಿಂಡದ ಪ್ರತಿ ಒಂದು ಕೊಡಿ, ಅದರಿಂದಲೇ 192ರ ಎಂಪಿ3 ಇನ್ನೊಂದು ಮಾಡಿಕೊಡಿ." ಮೊದಲನೆಯದು ಮನೆಯಲ್ಲಿ ಭದ್ರವಾಗಿರಲಿ, ಎರಡನೆಯದು ಓಡಾಟಕ್ಕೆ. ಬಸ್ಸಿನಲ್ಲಿ ಡ್ರೈವರ್ ತಲೆಮೇಲಿನ ಸ್ಪೀಕರು, ಇಂಜಿನ್ನಿನ ಗದ್ದಲ, ಕಂಡಕ್ಟರನ ಸೀಟಿ, ಇವುಗಳ ನಡುವೆ 192ಕ್ಕೂ 128ಕ್ಕೂ ಭೇದ ಕೇಳಿಸಿದೆ ಅನ್ನುವವರು ಬರೀ ಬಡಾಯಿ.

96,000ದಲ್ಲಿ ಮಾಡಿಕೊಡುತ್ತೇವೆ, ದುಡ್ಡು ಜಾಸ್ತಿ ಅನ್ನುವವರೂ ಸಿಕ್ಕಾರು. ಕೊಡಬೇಡಿ. ಮನೆಯ ಮಾಮೂಲಿ ಕ್ಯಾಸೆಟ್ಟಿನಲ್ಲಿ 15,000 ಕಂಪನದ ಆಚೆ ಕೇಳುವಂಥದ್ದು ಹೆಚ್ಚೇನೂ ಇರುವುದಿಲ್ಲ. ಇಲ್ಲದ್ದನ್ನು ಎಷ್ಟು ಸಲ ಅಳೆದರೇನು? ಆ ದುಡ್ಡಿನಲ್ಲಿ ಟೇಪಿನ ಹೆಡ್ಡನ್ನು ಸ್ಪಿರಿಟ್ಟು, ಹತ್ತಿಯಲ್ಲಿ ಒರೆಸಿಸಿ. ಬೆಲ್ಟು ಸಡಿಲಾಗಿದ್ದರೆ ಬದಲಿಸಿಸಿ. ಕ್ಯಾಸೆಟ್ಟಿನೊಳಗೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಉದುರಿದ್ದರೆ, ಬೇರೆ ಕ್ಯಾಸೆಟ್ಟಿನದು ತೆಗೆದು ಕೂರಿಸಬಹುದು. ನುಡಿಸುವ ಮೊದಲು ಒಂದು ಸಲ ಆ ತುದಿಯಿಂದ ಈ ತುದಿಗೆ ಸುತ್ತಿಸಿದರೆ ಅಂಟಿದ ಟೇಪು ಬಿಡಿಸಿಕೊಳ್ಳುತ್ತದೆ. ಹೆಡ್ಡಿನ ಮೇಲೆ ಕೊಳೆ ಇದ್ದರೆ ತಾಳದ ಝಣಕಾರ ಕಂಪ್ಯೂಟರಿಗೆ ಬರುವ ಮೊದಲೇ ಸತ್ತಿರುತ್ತದೆ.

ಫೈಲು ಕೈಗೆ ಬಂದ ಮೇಲೆ ನೆಂಟರಿಗೆ ವಾಟ್ಸಾಪಿನಲ್ಲಿ ಕಳಿಸುವವರು ಸ್ಪೀಕರ್ ಮುಂದೆ ಫೋನು ಹಿಡಿದು ವಾಯ್ಸ್ ಮೆಸೇಜ್ ಮಾಡಬೇಡಿ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಮತ್ತೆ, ಕೆಲಸ ಆಯಿತು ಅಂತ ಕ್ಯಾಸೆಟ್ಟನ್ನು ಗುಜರಿಗೆ ಹಾಕಬೇಡಿ. ಮಾಡಿಸಿದ ಫೈಲನ್ನು ಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಎರಡೂ ಮಗ್ಗುಲು ಪೂರ್ತಿ ಕೇಳಿ. ಎರಡನೇ ಮಗ್ಗುಲನ್ನು ತಿರುಗಿಸಿ ಹಾಕಲು ಮರೆತು ಅರ್ಧ ತಾಸು ಬರೀ ಸುಯ್ ಅನ್ನುವ ಸದ್ದು ತುಂಬಿಕೊಟ್ಟ ಅಂಗಡಿಗಳೂ ಉಂಟು.