ಅಜ್ಜಿಗೆ ಕೇಳಿಸದ ಮಾತು ಎಲ್ಲಿ ಅಡಗಿತ್ತು?

ಮಳೆಗಾಲದ ಸಂಜೆ ಕುಶಾಲನಗರದಲ್ಲಿ ಮನೆಯೊಳಗೇ ಹೊತ್ತು ಕಳೆಯಬೇಕು. ಬೇಗ ಊಟ ಮುಗಿಸಿ ಎಲ್ಲರೂ ಕೂಡಿ ಸಿನಿಮಾ ನೋಡುವುದು ನಮ್ಮ ಮನೆಯ ರೂಢಿ. ಅದಕ್ಕೆಂದೇ ಮಗ ಹಳೆಯ ಕಂಪ್ಯೂಟರನ್ನು ಟಿವಿಗೆ ಜೋಡಿಸಿ, ಕೋಣೆಯ ಸುತ್ತ ಆರು ಸ್ಪೀಕರ್ ಇಟ್ಟು, ಪುಟ್ಟ ಚಿತ್ರಮಂದಿರವನ್ನೇ ಮಾಡಿಕೊಟ್ಟಿದ್ದಾನೆ.

ಹೋದ ವರ್ಷ ಜುಲೈಯಲ್ಲಿ ನನ್ನ ಹೆಂಡತಿ ಒಂದು ವಾರ ಆ ಕೋಣೆಗೆ ಬರಲೇ ಇಲ್ಲ. “ಹಾಡು ಕೇಳಿಸುತ್ತೆ, ಮಾತು ಮಾತ್ರ ಕೇಳಿಸಲ್ಲ. ನನ್ನ ಕಿವಿ ಹೋಯ್ತು ಅಂತ ಕಾಣುತ್ತೆ, ನೀವೇ ನೋಡಿ” ಎಂದು ಅಡುಗೆಮನೆಯಲ್ಲೇ ಉಳಿದಳು.

ಮೊದಲು ನಾನು ಶೀಟಿನ ಮೇಲೆ ಬೀಳುವ ಮಳೆಯನ್ನು ದೂರಿದೆ. ಸದ್ದು ಹೆಚ್ಚಿಸಿದರೆ ಹಾಡು ಬಂದಾಗ ಕಿವಿ ಗಡಚಿಕ್ಕುತ್ತಿತ್ತು, ಮಾತು ಮಾತ್ರ ಬಾವಿಯೊಳಗಿಂದ ಬಂದಂತಿತ್ತು. ಕೊನೆಗೆ, “ವಯಸ್ಸಾಯಿತಲ್ಲ” ಎಂದು ಅವಳ ಕಿವಿಯನ್ನೇ ದೂರಿ ಸುಮ್ಮನಾದೆ.

ಎಂಟನೇ ತರಗತಿ ಓದುವ ಮೊಮ್ಮಗಳು ಮಾತ್ರ ಸುಮ್ಮನಾಗಲಿಲ್ಲ. “ತಾತ, ಕಣ್ಣು ಮುಚ್ಚಿಕೊಂಡು ಕೇಳಿ” ಎಂದಳು. ಮುಚ್ಚಿದೆ. ನನಗೂ ಮಾತು ತಿಳಿಯಲಿಲ್ಲ! ನಾವೆಲ್ಲ ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು ಮಾತು ಕೇಳಿಸಿತೆಂದು ತಿಳಿದಿದ್ದೆವು. ಇಂಗ್ಲಿಷ್ ಓದಲು ಬಾರದ ಅಜ್ಜಿಯೊಬ್ಬಳೇ ನಿಜ ಹೇಳಿದ್ದಳು.

ಹಾಗಾದರೆ ಮಾತು ಎಲ್ಲಿ ಹೋಯಿತು? ಅದನ್ನು ಹುಡುಕುವ ಮೊದಲು ಆರು ಸ್ಪೀಕರ್ ಏಕೆ ಬೇಕೆಂದು ತಿಳಿಯಬೇಕು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಾಗ ಚಿತ್ರದ ಮಾತು, ಹಾಡು ಎಲ್ಲವೂ ಒಂದೇ ಧ್ವನಿಪಟ್ಟಿಯಲ್ಲಿ ಬರುತ್ತಿದ್ದ ಕಾಲ. ಆಮೇಲೆ ಒಂದೊಂದು ಸದ್ದನ್ನು ಒಂದೊಂದು ದಿಕ್ಕಿನಿಂದ ಕೇಳಿಸುವ ಪದ್ಧತಿಗಳು ಬಂದವು. 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್ ಚಿತ್ರಮಂದಿರಕ್ಕೆ ಕಾಲಿಟ್ಟಿತು. ಅದರಲ್ಲಿ ಮುಂದೆ ಎಡ, ನಡು, ಬಲ ಎಂದು ಮೂರು ಸದ್ದು, ಹಿಂದೆ ಎರಡು. ಒಟ್ಟು ಐದು. ಗುಡುಗಿನಂಥ ದಪ್ಪ ಸದ್ದಿಗೆ ಇನ್ನೊಂದು; ಅದು ಕೆಳದನಿಯನ್ನಷ್ಟೇ ನುಡಿಸುವುದರಿಂದ ‘.1’ ಎಂಬ ಲೆಕ್ಕ. ಇದೇ 5.1.

ಇದರಲ್ಲಿ ಪಾತ್ರಗಳ ಮಾತು ಹೆಚ್ಚಾಗಿ ಬರುವುದು ನಡುವಿನ ಸ್ಪೀಕರ್‌ನಿಂದ. ಚಿತ್ರಮಂದಿರದಲ್ಲಿ ಅದು ಪರದೆಯ ಹಿಂದೆ ಇರುತ್ತದೆ. ಸದ್ದು ದಾಟಿ ಬರಲೆಂದು ಪರದೆಯ ತುಂಬ ಸಣ್ಣ ಸಣ್ಣ ತೂತುಗಳಿರುತ್ತವೆ. ಮುಂದಿನ ಸಲ ಹತ್ತಿರ ಹೋಗಿ ನೋಡಿ, ಮಕ್ಕಳೇ.

ಮೊಮ್ಮಗಳು ಕಂಪ್ಯೂಟರಿನ ‘ಸೌಂಡ್’ ವಿಭಾಗ ತೆರೆದು, ಸ್ಪೀಕರ್ ಆರಿಸಿ, ‘ಕಾನ್ಫಿಗರ್’ ಒತ್ತಿದಳು. ಆರು ಸ್ಪೀಕರ್‌ಗಳ ಚಿತ್ರ ಬಂತು. ಯಾವುದನ್ನು ಒತ್ತಿದರೆ ಅದರಿಂದ ಮಾತ್ರ ಸದ್ದು ಬರಬೇಕು. ಮುಂದಿನ ಎಡ, ಬಲ ಸರಿ. ಹಿಂದಿನ ಎರಡೂ ಸರಿ. ನಡುವಿನದು ಮೌನ. ದಪ್ಪ ಸದ್ದಿನ ಪೆಟ್ಟಿಗೆಯೂ ಮೌನ.

“ಎರಡೂ ಕೆಟ್ಟಿವೆ, ಹೊಸದು ತರಬೇಕು” ಎಂದೆ.

“ಎರಡು ಸ್ಪೀಕರ್ ಒಟ್ಟಿಗೇ ಹೇಗೆ ಕೆಡುತ್ತವೆ ತಾತ? ಎರಡಕ್ಕೂ ಒಂದೇ ತಂತಿ ಇರಬೇಕು” ಎಂದು ಟಾರ್ಚ್ ಹಿಡಿದು ಕಂಪ್ಯೂಟರಿನ ಹಿಂದೆ ತೂರಿದಳು.

ಅಲ್ಲಿ ಬಣ್ಣಬಣ್ಣದ ತೂತುಗಳು. ಹಸಿರು ಮುಂದಿನ ಎಡ–ಬಲಕ್ಕೆ, ಕಪ್ಪು ಹಿಂದಿನ ಎರಡಕ್ಕೆ, ಕಿತ್ತಳೆ ನಡುವಿನದಕ್ಕೂ ದಪ್ಪ ಸದ್ದಿಗೂ. ಗುಲಾಬಿ ಮೈಕಿಗೆ, ಅದು ಸದ್ದನ್ನು ಒಳಗೆ ತೆಗೆದುಕೊಳ್ಳುತ್ತದೆ, ಹೊರಗೆ ಕೊಡುವುದಿಲ್ಲ. ನಮ್ಮ ಕಿತ್ತಳೆ ತಂತಿ ಕುಳಿತದ್ದು ಆ ಗುಲಾಬಿ ತೂತಿನಲ್ಲಿ! ಮಳೆ ಹಿಡಿದಾಗ ಗೋಡೆಗೆ ತೇವ ಬಂತೆಂದು ಕಂಪ್ಯೂಟರನ್ನು ಸರಿಸಿ, ಕನ್ನಡಕವಿಲ್ಲದೆ ತಂತಿಗಳನ್ನು ಮತ್ತೆ ಸಿಕ್ಕಿಸಿದ್ದವನು ನಾನೇ.

“ಕೊಡಗಿನಲ್ಲಿದ್ದುಕೊಂಡು ಕಿತ್ತಳೆ ಗುರುತು ಸಿಗಲಿಲ್ವಾ ನಿಮಗೆ?” ಎಂದು ನನ್ನವಳು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ತಪ್ಪಿಗೆ ಅವಳು ಒಂದು ವಾರ ತನ್ನ ಕಿವಿಯನ್ನು ಬೈದುಕೊಂಡು ಒಬ್ಬಳೇ ಕುಳಿತಿದ್ದಳು.

ನಿಮ್ಮ ಮನೆಯಲ್ಲೂ ಹೀಗಾದರೆ ಇಷ್ಟು ನೋಡಿ. ಎರಡೇ ಸ್ಪೀಕರ್ ಇದ್ದರೆ ಕಂಪ್ಯೂಟರಿನಲ್ಲಿ ‘5.1’ ಬಿಟ್ಟು ‘ಸ್ಟೀರಿಯೊ’ ಆರಿಸಿ. ಇಲ್ಲವಾದರೆ ಇಲ್ಲದ ನಡುವಿನ ಸ್ಪೀಕರ್‌ಗೆ ಮಾತು ಹೋಗಿ ಕಳೆದುಹೋಗಬಹುದು. ಆರು ಸ್ಪೀಕರ್ ಇದ್ದೂ ಹಳೆಯ ಚಿತ್ರಕ್ಕೆ ಎರಡೇ ನುಡಿದರೆ ಗಾಬರಿ ಬೇಡ, ಚಿತ್ರದಲ್ಲಿರುವುದೇ ಅಷ್ಟು. ತಂತಿ ಕೀಳುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ವಯಸ್ಸಾದಂತೆ ಮೊದಲು ಮಂಕಾಗುವುದು ಕೀರಲು ಸದ್ದು. ‘ಸ’, ‘ಶ’ದಂಥ ಅಕ್ಷರಗಳು ತಪ್ಪಿಹೋಗುತ್ತವೆ. ಅದಕ್ಕೇ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಇಬ್ಬರೂ ಕಿವಿ ಪರೀಕ್ಷೆ ಮಾಡಿಸಿಕೊಂಡೆವು. ಅವಳ ಕಿವಿ ವಯಸ್ಸಿಗೆ ತಕ್ಕಂತಿದೆ. ಸ್ವಲ್ಪ ಮಂದವಾಗಿರುವುದು ನನ್ನ ಎಡಗಿವಿ.

ತಂತಿ ಸರಿಮಾಡಿದ ರಾತ್ರಿ ಮಳೆ ಜೋರಾಗಿಯೇ ಇತ್ತು. ಸಿನಿಮಾ ಶುರುವಾಗಿ ಐದು ನಿಮಿಷಕ್ಕೆ ಪಕ್ಕದ ಕುರ್ಚಿಯಿಂದ ಅವಳ ದನಿ ಬಂತು: “ಸದ್ದು ಸ್ವಲ್ಪ ಕಡಿಮೆ ಮಾಡ್ರೀ.”